ಭೂಗೋಲದ ಮಾಸ್ತರರ ಕೈತೋಟ

ಮೂವತ್ತೊಂದು ವರ್ಷ ಭೂಗೋಲ ಕಲಿಸಿ ನಿವೃತ್ತನಾದವನಿಗೆ ಮನೆಯ ಸುತ್ತ ನಾಲ್ಕು ಗಿಡ ಹಚ್ಚುವುದು ಯಾವ ಮಹಾ ಕೆಲಸ? ಸೂರ್ಯ ಎಲ್ಲಿ ಹುಟ್ಟುತ್ತಾನೆ, ನೆರಳು ಎತ್ತ ಬೀಳುತ್ತದೆ ಎಂಬುದನ್ನು ಸಾವಿರಾರು ಮಕ್ಕಳ ತಲೆಗೆ ತುಂಬಿದವನು ನಾನು. ಬೆಟಗೇರಿಯಲ್ಲಿ ಹೊಸ ಮನೆ ಕಟ್ಟಿಸಿದ ಮೇಲೆ ಕೈತೋಟದ ಸಂಪೂರ್ಣ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ. ಯಾರೂ ವಹಿಸಿರಲಿಲ್ಲ!

ಡಿಸೆಂಬರಿನಲ್ಲಿ ಒಂದು ಇಡೀ ದಿನ ತಾಸಿಗೊಮ್ಮೆ ಅಂಗಳಕ್ಕಿಳಿದು ರಂಗೋಲಿ ಪುಡಿಯಿಂದ ಬಿಸಿಲಿನ ಗಡಿ ಗುರುತಿಸಿದೆ. ಫಲಿತಾಂಶ ಸ್ಪಷ್ಟವಾಗಿತ್ತು. ದಕ್ಷಿಣದ ಬದಿಗೆ ಭರ್ತಿ ಬಿಸಿಲು. ಅಡುಗೆಮನೆಯಿರುವ ಉತ್ತರದ ಬದಿಗೆ ನೆರಳು. ಎರಡು ಬಣ್ಣದಲ್ಲಿ ನಕಾಶೆಯನ್ನೇ ಬರೆದೆ.

ನನ್ನ ಹೆಂಡತಿ ಶಾಂತಾ ತವರೂರು ಯಳವತ್ತಿಯಿಂದ ತನ್ನ ಅವ್ವ ಕೊಟ್ಟ ದುಂಡುಮಲ್ಲಿಗೆಯ ಸಸಿ ತಂದಿದ್ದಳು.

“ಇದನ್ನ ಅಡಗಿಮನಿ ಕಿಡಕಿ ಕಡೆ ಹಚ್ಚೂಣ್ರಿ. ಕಾರಹುಣ್ಣಿವಿಗೆ ಅವ್ವ ಬರತಾಳ. ಅಷ್ಟರಾಗ ಹೂ ಬಿಡಬೇಕು.”

“ಅಲ್ಲಿ ನೆಳ್ಳ ಐತಿ! ಮಲ್ಲಿಗಿಗೆ ಬಿಸಲ ಬೇಕು. ನಕಾಶಿ ನೋಡು.”

ಅವಳು ನಕಾಶೆ ನೋಡಿದಳು, ನನ್ನನ್ನು ನೋಡಿದಳು, ಸುಮ್ಮನಾದಳು. ಅದನ್ನು ಸಮ್ಮತಿ ಎಂದು ತಿಳಿದೆ.

ಲಕ್ಷ್ಮೇಶ್ವರದ ಹತ್ತಿರ ನರ್ಸರಿ ನಡೆಸುವ ರೇಣುಕಾ ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಮುಂದೆ ನಕಾಶೆ ಬಿಚ್ಚಿದೆ.

“ಸರ್, ಈ ನೆಳ್ಳ ಯಾವ ತಿಂಗಳದಾಗ ನೋಡೀರಿ?”

“ತಿಂಗಳ ಯಾವುದಾದ್ರ ಏನವಾ? ಮನಿ ಏನ್ ಅಡ್ಡಾಡತೈತೇನು?”

“ಮನಿ ಅಡ್ಡಾಡೂದಿಲ್ಲ ಖರೆ, ಆದ್ರ ಸರ್...” ಎಂದು ಅವಳು ಶುರುಮಾಡುವಷ್ಟರಲ್ಲಿ ನಾನು ಜರಿಗಿಡಗಳ ಸಾಲಿಗೆ ಹೋಗಿಯಾಗಿತ್ತು.

ಉತ್ತರದ ನೆರಳಿಗೆ ಎಂಟು ಜರಿಗಿಡ, ಎರಡು ಆಂಥೂರಿಯಂ. ದಕ್ಷಿಣದ ಬಿಸಿಲಿಗೆ ಗುಲಾಬಿ ಮತ್ತು ಅತ್ತೆಯ ಮಲ್ಲಿಗೆ. ಫೆಬ್ರವರಿಯವರೆಗೂ ತೋಟ ನಳನಳಿಸಿತು. ದಾರಿಯಲ್ಲಿ ಹೋಗುವವರನ್ನೂ ಕರೆದು ತೋರಿಸಿದೆ. ಕೆಲವರು ದಾರಿ ಬದಲಿಸಿದರು.

ಏಪ್ರಿಲ್ ಮುಗಿಯುವ ಹೊತ್ತಿಗೆ ನೆರಳಿನ ಜರಿಗಿಡಗಳು ಕರಿದ ಹಪ್ಪಳದಂತಾದವು. ನೀರಡಿಕೆ ಎಂದು ನಿರ್ಣಯಿಸಿ ದಿನಕ್ಕೆ ಮೂರು ಸಲ ನೀರು ಹಾಕಿದೆ. ಆಂಥೂರಿಯಂ ಬೇರು ಕೊಳೆತು ಅಡ್ಡ ಬಿತ್ತು. ಕೊನೆಗೆ ನಾಲ್ಕು ಕೋಲು ಹುಗಿದು ಶಾಂತಾಳ ಹಳೆಯ ಸೀರೆಯೊಂದನ್ನು ಮೇಲೆ ಕಟ್ಟಿದೆ.

ಪಕ್ಕದ ಮನೆಯ ಬಸವ್ವ ಕಾಂಪೌಂಡಿನ ಮೇಲಿಂದ ಇಣುಕಿದರು. “ಮಾಸ್ತರ, ಹಂದರ ಹಾಕೀರಲ್ಲ, ಮನ್ಯಾಗ ಏನರ ಕಾರ್ಯ ಐತೇನ್ರಿ?”

ಕಿಟಕಿಯಿಂದ ಶಾಂತಾಳ ಉತ್ತರ ಬಂತು: “ಐತ್ರಿ. ಜರಿಗಿಡದ ತಿಥಿ!”

ಇತ್ತ ದಕ್ಷಿಣದಲ್ಲಿ ಮಲ್ಲಿಗೆಯ ಮೇಲೆ ಗೋಡೆಯಿಂದ ಹೊರಚಾಚಿದ ಸಜ್ಜೆಯ ನೆರಳು ಬಿದ್ದು, ಗಿಡ ಬರೀ ಎಲೆ ಬಿಡುತ್ತಿತ್ತು. ಒಂದು ಮೊಗ್ಗೂ ಇಲ್ಲ. ಶಾಂತಾ ದಿನಾ ಬೆಳಿಗ್ಗೆ ಅದರ ಮುಂದೆ ಕುಳಿತು ಎಲೆ ಸರಿಸಿ ಹುಡುಕುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಅಭಿಮಾನ ನುಂಗಿ ರೇಣುಕಾಳನ್ನು ಕರೆಸಿದೆ.

ಮೇ ತಿಂಗಳ ನಡುಮಧ್ಯಾಹ್ನ ಅಂಗಳದಲ್ಲಿ ನಿಂತು ಅವಳು ಒಮ್ಮೆ ಮೇಲೆ ನೋಡಿದಳು. ನಂತರ ಮೆಲ್ಲಗೆ ಹೇಳಿದಳು: “ಸರ್, ಏಳನೇ ಕ್ಲಾಸಿನ್ಯಾಗ ನೀವ ಕಲಿಸೀರಿ. ಚಳಿಗಾಲದಾಗ ಸೂರ್ಯಾ ದಕ್ಷಿಣಕ್ಕ ಸರದಿರತಾನ. ಈಗ ನಮ್ಮ ತಲಿ ದಾಟಿ ಉತ್ತರಕ್ಕ ಬಂದಾನ.”

ಉತ್ತರಾಯಣ! ಎಷ್ಟೊಂದು ವರ್ಷವಾದರೂ ಹುಡುಗಿ ಮರೆತಿಲ್ಲ! ಎಂಥ ಪಾಠ ಮಾಡಿದ್ದೆ ನಾನು! ಹೆಮ್ಮೆಯಿಂದ ಎದೆ ಉಬ್ಬಿತು. ಶಾಂತಾ ನನ್ನ ಮುಖ ನೋಡಿದಳು. ಇಳಿಯಿತು.

ಶಾಂತಾ, ರೇಣುಕಾ ಇಬ್ಬರೂ ಸೇರಿ ಮಲ್ಲಿಗೆಯನ್ನು ಬೇರಿನ ಮಣ್ಣಿನ ಸಮೇತ ಎತ್ತಿ, ಟೊಂಗೆ ಕತ್ತರಿಸಿ, ದೊಡ್ಡ ಕುಂಡದಲ್ಲಿಟ್ಟು ಅಡುಗೆಮನೆಯ ಕಿಟಕಿಯ ಕೆಳಗೆ ತಂದರು. ಉಳಿದ ಜರಿಗಿಡಗಳು ದಕ್ಷಿಣದ ಸಜ್ಜೆಯ ಕೆಳಗೆ ಹೋದವು. ನನಗೆ ಒಪ್ಪಿಸಿದ ಕೆಲಸ ಒಂದೇ: ದೂರ ನಿಲ್ಲುವುದು.

ಕಾರಹುಣ್ಣಿಮೆಯ ದಿನ ಗಿಡದಲ್ಲಿ ಒಂಬತ್ತು ಹೂ! ಅತ್ತೆ ಅವನ್ನು ಕಟ್ಟಿ ಮಗಳ ಹೆರಳಿಗೆ ಮುಡಿಸಿ, “ಅಳ್ಯಾರು ಭಾಳ ಚೊಲೊ ಜಾಗಾ ಆರಿಸ್ಯಾರ” ಎಂದರು.

ಶಾಂತಾ ನನ್ನತ್ತ ಒಂದು ಕ್ಷಣ ನೋಡಿ, “ಹೌದವಾ, ಭಾಳ ವಿಚಾರ ಮಾಡಿ ಆರಿಸ್ಯಾರ” ಎಂದಳು.

ಈಗ ನಮ್ಮ ಗಿಡಗಳೆಲ್ಲ ಕುಂಡದಲ್ಲಿವೆ. ವರ್ಷಕ್ಕೆರಡು ಸಲ ಅವಕ್ಕೆ ವರ್ಗಾವಣೆ. ತೋಟ ನೋಡಿ ಬೆರಗಾದ ಓಣಿಯವರು ಬಿಸಿಲು-ನೆರಳಿನ ಸಲಹೆ ಕೇಳಲು ಮನೆಗೇ ಬರುತ್ತಾರೆ. ನಾನು ಕನ್ನಡಕ ಹಾಕಿಕೊಂಡು ಎದ್ದು ನಿಲ್ಲುತ್ತೇನೆ.

“ನೀವು ಕುಂಡ್ರಿ ಮಾಸ್ತರ,” ಎನ್ನುತ್ತಾರೆ ಅಡುಗೆಮನೆಯತ್ತ ಇಣುಕಿ, “ಅಕ್ಕಾರು ಅದಾರೇನ್ರಿ?”