ಕಟ್ಟಿಗೆ ಉಳಿಸುವ ಹುಕುಂ

ಹುಕುಂ ಬರೆದು ಬರೆದು ರೂಢಿಯಾದ ಮನುಷ್ಯನಿಗೆ ಮನೆಯೂ ಒಂದು ಕಚೇರಿಯಂತೆಯೇ ಕಾಣತೊಡಗುತ್ತದೆ. ಈ ರೋಗ ನನಗೆ ಹತ್ತಿದ್ದು ಚಿತ್ತಾಪುರದ ತಹಶೀಲು ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ. ಹಾಗೆ ನೋಡಿದರೆ ಅಲ್ಲಿ ನಾನು ಯಾರಿಗೂ ಹುಕುಂ ಕೊಟ್ಟವನಲ್ಲ. ಮೇಲಿನವರು ಹೇಳಿದ್ದನ್ನು, ಆಗಿನ ಸರಕಾರಿ ಭಾಷೆಯಾದ ಉರ್ದುವಿನಲ್ಲಿ ದುಂಡಗೆ ಬರೆಯುವುದಷ್ಟೇ ನನ್ನ ಪಾಲಿನ ಕೆಲಸ. ಆದರೂ ಕೈ ಬರೆದದ್ದನ್ನೆಲ್ಲ ತಲೆ ತನ್ನದೇ ಎಂದು ನಂಬಿಬಿಡುತ್ತದೆ.

ಅದು ಯುದ್ಧದ ಕಾಲ. ಸೀಮೆಎಣ್ಣೆಯ ಮಾತೇ ಬೇಡ. ಕುಂಚಾವರಂ ಅಡವಿಯಿಂದ ಬರುತ್ತಿದ್ದ ಕಟ್ಟಿಗೆ ಬಂಡಿಗಳೂ ಅಪರೂಪವಾಗಿದ್ದವು. ಇಂಥದರಲ್ಲಿ ತೆಂಗಳಿ ಊರಿಗೆ ಕೊಟ್ಟ ನಮ್ಮ ಮಗಳು ಗೌರಿ ಚೊಚ್ಚಲ ಹೆರಿಗೆಗೆ ಬರುವವಳಿದ್ದಳು. ರೊಟ್ಟಿ ಸುಡಲು ತೊಗರಿ ಕಟ್ಟಿಗೆ ಸಾಕು. ಆದರೆ ಬಾಣಂತಿಗೆ ದಿನಾ ಹಂಡೆ ತುಂಬ ನೀರು ಕಾಯಬೇಕು, ಅವಳು ಮಲಗುವ ಹೊರಸಿನ ಕೆಳಗೆ ಕೆಂಡ ಇರಬೇಕು; ಅದಕ್ಕೆ ಅಡವಿಯ ಗಟ್ಟಿ ಕಟ್ಟಿಗೆಯೇ ಆಗಬೇಕು. ಹಿತ್ತಲಲ್ಲಿ ಅಂಥದು ಇದ್ದದ್ದು ಒಂದೇ ಒಟ್ಟು. ತೊಗರಿ ಕಟ್ಟಿಗೆ ತೀರಿದರೆ ಅಡುಗೆಗೂ ಕೈ ಅದಕ್ಕೇ ಹೋಗುತ್ತಿತ್ತು; ಮೂರು ತಿಂಗಳು ಅದನ್ನು ಕಾಪಾಡಬೇಕಿತ್ತು. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಇರುವವಳು ಒಬ್ಬಳೇ ಮಗಳು, ಅವಳು ತವರಿಗೆ ಬಂದು ಉಗುರುಬೆಚ್ಚಗಿನ ನೀರು ಹಾಕಿಕೊಂಡು ಹೋದಳೆಂದರೆ ಬೀಗರಿಗೆ ಮುಖ ತೋರಿಸುವುದು ಹೇಗೆ?

ಹೆದರಿದ ಗುಮಾಸ್ತ ಏನು ಮಾಡುತ್ತಾನೆ? ಬರೆಯುತ್ತಾನೆ. ಒಂದು ದಪ್ಪ ಹಾಳೆ ತೆಗೆದುಕೊಂಡು, ಅಡುಗೆ ಮನೆಗೆ ಹುಕುಂ ಬರೆದೆ. ಪಾತ್ರೆಗಳಿಗೆ ಮುಚ್ಚಳ ಹಾಕತಕ್ಕದ್ದು. ಬೇಳೆಯನ್ನು ಮೊದಲೇ ನೆನೆಹಾಕಿ, ರೊಟ್ಟಿ ಮುಗಿದ ಮೇಲೆ ಉಳಿದ ಕೆಂಡದಲ್ಲಿ ಬೇಯಿಸತಕ್ಕದ್ದು. ನನ್ನ ಸ್ನಾನದ ನೀರನ್ನು ಅಂಗಳದ ಶಹಾಬಾದ ಕಲ್ಲಿನ ಮೇಲೆ ಬಿಸಿಲಿಗೆ ಇಡತಕ್ಕದ್ದು. ಒಲೆಯನ್ನು ದಿನಕ್ಕೆ ಎರಡೇ ಸಲ ಹೊತ್ತಿಸತಕ್ಕದ್ದು. ಕೆಳಗೆ ರುಜು ಹಾಕಿ, ಗೋಡೆಯ ಮೊಳೆಗೆ ಸಿಕ್ಕಿಸಿ, ದೂರ ನಿಂತು ಅಕ್ಷರದ ಚೆಂದ ನೋಡಿದೆ.

ಮರುದಿನ ಮೊಳೆ ಇತ್ತು, ಹುಕುಂ ಇರಲಿಲ್ಲ.

"ಇಲ್ಲಿ ಸಿಗಿಸಿದ್ದ ಕಾಗದ ಎಲ್ಲದ?" ಎಂದು ಹೆಂಡತಿ ನೀಲಮ್ಮನನ್ನು ಕೇಳಿದೆ.

"ಒಲಿಗಿ ಹಾಕಿದೆನ್ರಿ. ತೊಗರಿ ಕಟ್ಟಿಗಿ ಹಸಿ ಇತ್ತು, ಹತ್ತವಲ್ಲದಾಗಿತ್ತು. ದಪ್ಪ ಹಾಳಿ ನೋಡ್ರಿ, ಭಾಳ ಚಂದ ಉರೀತು."

"ಅದರಾಗ ಏನು ಬರದಿದ್ದೆ ಗೊತ್ತೇನು?"

"ಉರ್ದು ನನಗೆಲ್ಲಿ ಬರ್ತದ್ರಿ? ಕಚೇರಿದು ಬ್ಯಾಡಾದ ಕಾಗದ ಅನ್ಕೊಂಡೆ."

ನೀಲಮ್ಮ ಕನ್ನಡ ಚೆನ್ನಾಗಿಯೇ ಓದುತ್ತಾಳೆ. ಕಚೇರಿಯಲ್ಲಿ ಕೂತು ಕೂತು ಕನ್ನಡದಲ್ಲಿ ಬರೆಯಬಹುದೆಂಬುದೇ ನನಗೆ ಮರೆತುಹೋಗಿತ್ತು. ಕೊನೆಗೆ ಎಲ್ಲವನ್ನೂ ಬಾಯಲ್ಲೇ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಲೇ ಕೇಳಿದಳು.

"ಇಷ್ಟೇನ್ರಿ? ಇದೆಲ್ಲ ನಾ ಈ ಮನಿಗಿ ಬಂದಾಗಿಂದ ಮಾಡಾಕತ್ತೀನಿ."

ತಿರುಗಿ ನೋಡಿದೆ. ಪಾತ್ರೆಗಳ ಮೇಲೆ ಮುಚ್ಚಳಗಳಿದ್ದವು. ನೆನೆದ ಬೇಳೆ ತನ್ನ ಸರದಿಗೆ ಕಾದಿತ್ತು. ಅಂಗಳದ ಕಲ್ಲಿನ ಮೇಲೆ ತಾಮ್ರದ ಕೊಡ ಬಿಸಿಲು ಕಾಯುತ್ತ ಕೂತಿತ್ತು. ಇಷ್ಟು ವರ್ಷ ಆ ನೀರನ್ನೇ ಮೈಮೇಲೆ ಸುರಿದುಕೊಂಡವನು, ಅದು ಎಲ್ಲಿ ಕಾಯುತ್ತದೆಂದು ಒಂದು ದಿನವೂ ಕೇಳಿರಲಿಲ್ಲ.

"ಒಲಿ ಎರಡೇ ಸಲ ಅಂದಿರಲ್ಲ, ಅದೊಂದು ಮಾತ್ರ ನಡದಿಲ್ಲ, ಖರೇ," ಎಂದಳು ನೀಲಮ್ಮ. "ನೀವು ಕಚೇರಿಯಿಂದ ಬಂದ ಕೂಡ್ಲೆ ಒಮ್ಮೆ ಚಹಾ ಅಂತೀರಿ, ತಾಸು ಬಿಟ್ಟು ಮತ್ತೊಮ್ಮೆ ಅಂತೀರಿ. ಆ ಒಲಿ ಯಾರ ಸಲುವಾಗಿ ಹಚ್ಚಾಕತ್ತೀನಿ, ನೀವೇ ಹೇಳ್ರಿ."

ಸ್ವಂತ ರುಜು ಹಾಕಿದ ಹುಕುಂ, ಮುರಿಯುವಂತಿಲ್ಲ. ಮಗಳ ಸಲುವಾಗಿ ಸಂಜೆಯ ಚಹಾ ಬಿಟ್ಟೆ. ಎರಡು ದಿನ ತಲೆ ಸಿಡಿಯಿತು. ಮೂರನೆಯ ದಿನ ಕಚೇರಿಯಿಂದ ಬರುವಾಗ, ನನ್ನ ಜೊತೆಗೇ ಕೆಲಸ ಮಾಡುವ ಪಕ್ಕದ ಮನೆಯ ಇಮಾಮಸಾಬರು, "ಬರ್ರಿ ಭಾಯಿ, ಕುಂದ್ರಿ, ಚಹಾ ಕುಡದು ಹೋಗೀರಂತ" ಎಂದರು. ಹೋದೆ. ಆಮೇಲೆ ಕರೆಯದಿದ್ದರೂ ಹೋದೆ. ಸುಮ್ಮನೆ ಕುಡಿದು ಬಂದಿದ್ದರೆ ಬೇರೆ ಮಾತು. ದಿನಾ ಎರಡು ಕಪ್ಪು ಮುಗಿಸುವವರೆಗೆ ಅವರಿಗೆ ಕಟ್ಟಿಗೆ ಉಳಿಸುವ ಬಗೆ ತಿಳಿಸಿಕೊಡುತ್ತಿದ್ದೆ.

ಗೌರಿ ಬಂದಳು, ಹೆಣ್ಣು ಕೂಸು ಹಡೆದಳು. ಬಚ್ಚಲಿನಿಂದ ಹಬೆ ದಟ್ಟವಾಗಿ ಎದ್ದು ಬಂದ ಆ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ನೀರು ಎರೆಯಲು ಬಂದ ಸೂಲಗಿತ್ತಿ, "ಈ ತುಟ್ಟಿ ಕಾಲದಾಗ ಇಷ್ಟು ಕಟ್ಟಿಗಿ ಹ್ಯಾಂಗ ಉಳಿಸೀರಿ ಯವ್ವಾ?" ಎಂದು ಕೇಳಿದಳು.

"ನಮ್ಮನಿಯವರ ಹುಕುಂ ಇತ್ತವ್ವ," ಎಂದಳು ನೀಲಮ್ಮ. ನಗಲಿಲ್ಲ.

ನಾನು ಉಬ್ಬಿಹೋದೆ. ಈ ಮಾತನ್ನು ಇಮಾಮಸಾಬರಿಗೆ ಹೇಳದಿದ್ದರೆ ಹೇಗೆಂದು ಸಂಜೆ ಚಹಾದ ವೇಳೆಗೆ ಸರಿಯಾಗಿ ಹೊರಟೆ. ಅವರ ಕದ ಮುಚ್ಚಿತ್ತು. ಮೇಲೊಂದು ಹಾಳೆ, ಉರ್ದುವಿನಲ್ಲಿ, ಬಹಳ ಅದಬು-ಮರ್ಯಾದೆಯಿಂದ ಬರೆದದ್ದು: ಮನೆಯಲ್ಲಿ ಕಟ್ಟಿಗೆ ಮುಗಿಯುತ್ತ ಬಂದಿರುವುದರಿಂದ ಇಂದಿನಿಂದ ಒಲೆಯನ್ನು ದಿನಕ್ಕೆ ಎರಡೇ ಸಲ ಹೊತ್ತಿಸಲಾಗುವುದು, ಸಂಜೆ ಬರುವವರು ಮನ್ನಿಸಬೇಕು.

ನಮ್ಮ ಓಣಿಯಲ್ಲಿ ಇಮಾಮಸಾಬರನ್ನು ಬಿಟ್ಟರೆ ಉರ್ದು ಓದಬಲ್ಲವನು ನಾನೊಬ್ಬನೇ. ಎರಡು ಸಲ ಓದಿ ಮನೆಗೆ ಬಂದೆ. ನೀಲಮ್ಮ ಪಕ್ಕದ ಮನೆಯ ಕದ ಕಾಣುವಂತೆ ಕಟ್ಟೆಯ ಮೇಲೆ ಕೂಸನ್ನು ಮಲಗಿಸಿಕೊಂಡು ಕೂತಿದ್ದಳು.

"ಏನು ಬರದಾರ್ರಿ ಅದರಾಗ?"

"ಏನಿಲ್ಲ, ಕಚೇರಿ ಕಾಗದ," ಎಂದೆ.

"ಹೌದೇನ್ರಿ," ಎಂದಳು. "ಹಾಳಿ ದಪ್ಪ ಅದನೇನು?"