ಮೇಲಿನ ಮನೆಗೆ ವಾಪಸು ಬಂದ ಮೇಷ್ಟ್ರು

ಮನೆಯ ಮೇಲೊಂದು ಮನೆ ಕಟ್ಟಿ ಬಾಡಿಗೆಗೆ ಕೊಟ್ಟವನು ನಗಲು ಬೇರೆಲ್ಲೂ ಹೋಗಬೇಕಾಗಿಲ್ಲ. ನಗು ತಾನಾಗಿಯೇ ಮೆಟ್ಟಿಲಿಳಿದು ಬರುತ್ತದೆ. ನಾನು ಹೆಚ್ಚು ನಗುವವನಲ್ಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ನಡುವೆ ಬಸ್ ಓಡಿಸಿ ನಿವೃತ್ತನಾದವನು. ಚಾಲಕರೊಂದಿಗೆ ಮಾತನಾಡಬೇಡಿ ಎಂಬ ಬೋರ್ಡಿನ ಕೆಳಗೆ ಕೂತು ಕೂತು ಅದೇ ಸ್ವಭಾವವಾಯಿತು. ಆದರೂ ಗಾಂಧಿನಗರದ ನಮ್ಮ ಮಹಡಿಯಲ್ಲಿ ಕಳೆದ ವರ್ಷ ನಡೆದದ್ದನ್ನು ಬರೆದಿಡೋಣ ಅನ್ನಿಸಿತು. ಬಾಯಲ್ಲಿ ಹೇಳುವುದಕ್ಕಿಂತ ಬರೆಯುವುದು ವಾಸಿ. ನಡುವೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಟಿವಿಯ ದನಿ

ಹುಡುಗ ಸಿರುಗುಪ್ಪದವನು. ಪದವಿ ಓದುವಾಗ ಇನ್ನಿಬ್ಬರ ಜೊತೆ ನಮ್ಮ ಮಹಡಿಯಲ್ಲಿದ್ದ. ಓದು ಮುಗಿಸಿ ಹೋದ. ಮುಂದೆ ಎಂ.ಎ. ಮಾಡಿ ಮಂಗಳೂರಿನ ಕಡೆ ಕೆಲಸಕ್ಕೆ ಸೇರಿದ್ದಾನೆ ಅಂತ ಕೇಳಿದ್ದೆ. ಕಳೆದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಅದೇ ಹಳೇ ಟ್ರಂಕು ಹಿಡಿದು ಗೇಟಿನ ಮುಂದೆ ನಿಂತಿದ್ದ.

ನಮ್ಮ ಓಣಿಯ ಮಹಡಿಗಳೆಲ್ಲ ಕಾಲೇಜು ಹುಡುಗರ ರೂಮುಗಳು. ಓದು ಮುಗಿಸಿ ಹೋದವನು ವಾಪಸು ಬಂದರೆ ಇಲ್ಲಿ ಒಂದೇ ಅರ್ಥ, ಯಾವುದೋ ವಿಷಯ ಪಾಸಾಗದೆ ಉಳಿದಿದೆ. ಬಂದವರು ಹಾಗಂತ ಬಾಯಿ ಬಿಡುವುದಿಲ್ಲ. ಒಬ್ಬ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಕೆಲಸ ಅಂದಿದ್ದ. ಇನ್ನೊಬ್ಬ ಮೊಬೈಲ್ ಅಂಗಡಿ ಹಾಕುತ್ತೇನೆ ಅಂದಿದ್ದ. ಇಬ್ಬರೂ ಹಾಲ್ ಟಿಕೆಟ್ ಕೈಗೆ ಬಂದ ದಿನ ಸಿಕ್ಕಿಬಿದ್ದರು. ಅದಕ್ಕೇ ಓಣಿಯಲ್ಲಿ ಒಂದು ಮರ್ಯಾದೆ ಬೆಳೆದಿದೆ. ವಾಪಸು ಬಂದವನನ್ನು ಯಾರೂ ಕೆದಕುವುದಿಲ್ಲ. ಅವನು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾರೆ.

ತಾನು ಓದಿದ ಕಾಲೇಜಿಗೇ ಅರ್ಥಶಾಸ್ತ್ರದ ಮೇಷ್ಟ್ರಾಗಿ ಬಂದಿದ್ದೇನೆ ಅಂತ ಅವನು ನನ್ನ ಹೆಂಡತಿಗೆ ಹೇಳಿದ. ಅವಳು ಹೂಂ ಅಂದಳು.

ಟ್ರಂಕಿನ ಇನ್ನೊಂದು ಕಡೆ ಹಿಡಿದು ಮೆಟ್ಟಿಲು ಹತ್ತುವಾಗ ನಾನು ಕೇಳಿದೆ.

"ಮಂಗಳೂರು ಯಾಕ ಬಿಟ್ಟಿ?"

"ಕುರುಗೋಡಿನ ಸಲುವಾಗಿ, ತಾತ."

ಕುರುಗೋಡಿನಲ್ಲಿ ಒಂದು ಹುಡುಗಿ. ಇವನಿಗಿಂತ ಒಂದು ವರ್ಷ ಕೆಳಗೆ ಓದಿದವಳು. ಅವಳ ಅಪ್ಪನದು ಬೀಜ, ಗೊಬ್ಬರದ ಅಂಗಡಿ. ಬೆಳಗಿನ ಬಸ್ಸಿಗೆ ಹೋಗಿ ಮಗಳ ಮುಖ ನೋಡಿ ಸಂಜೆ ಅಂಗಡಿ ದೀಪ ಹಚ್ಚುವ ಹೊತ್ತಿಗೆ ವಾಪಸಾಗುವಷ್ಟು ದೂರಕ್ಕೆ ಮಾತ್ರ ಹೆಣ್ಣು ಕೊಡುತ್ತೇನೆ ಅಂತ ಆತನ ಹಟ. ಮಂಗಳೂರು ಅದಕ್ಕೆ ಒಗ್ಗುವುದಿಲ್ಲ, ಬಳ್ಳಾರಿ ಒಗ್ಗುತ್ತದೆ. ಹುಡುಗ ಕಡಿಮೆ ಸಂಬಳಕ್ಕೆ ಒಪ್ಪಿ ಬಂದುಬಿಟ್ಟಿದ್ದ. ಹುಡುಗಿಯ ಒಪ್ಪಿಗೆ ಇತ್ತು. ಅಪ್ಪ ಮಾತ್ರ ಮೊದಲು ವಿಚಾರಿಸುತ್ತೇನೆ, ಆಮೇಲೆ ಹುಡುಗನ ಮುಖ ನೋಡುತ್ತೇನೆ ಅಂದಿದ್ದರಂತೆ. ಇವನೂ ಅವರನ್ನು ನೋಡಿರಲಿಲ್ಲ.

ಒಳ್ಳೇದು ಅಂದೆ. ಕೆಳಗೆ ಬಂದೆ. ಇದನ್ನೆಲ್ಲ ಹೆಂಡತಿ ಕೇಳಲಿಲ್ಲ, ನಾನು ಹೇಳಲಿಲ್ಲ.

ಆ ಸಂಜೆ ನೋಡುತ್ತೇನೆ, ಟಿವಿಯಲ್ಲಿ ಧಾರಾವಾಹಿ ನಡೆದಿದೆ, ದನಿ ಇಲ್ಲ. ಯಾಕೆ ಅಂದೆ. ಮೇಲೆ ಹುಡುಗ ಓದುತ್ತಿದ್ದಾನೆ, ಈ ಸಲವಾದರೂ ಪಾಸಾಗಲಿ ಅಂದಳು.

ದನಿ ಇಲ್ಲದ ಟಿವಿ ನನಗೆ ಬಹಳ ಹಿಡಿಸಿತು. ತಿದ್ದಲು ಹೋಗಲಿಲ್ಲ.

ಉಕ್ಕದ ಹಾಲು

ಹುಡುಗನ ತಾಯಿ ಒಂದು ಮೂಟೆ ಸೋನಾ ಮಸೂರಿ ಹೇರಿಕೊಂಡು ಸಿರುಗುಪ್ಪದಿಂದ ಬಂದಳು. ಓದುವಾಗ ಇದ್ದದ್ದು ರೂಮು, ಈಗ ಇದು ಮನೆ, ಹಾಲು ಉಕ್ಕಿಸದೆ ಅನ್ನಕ್ಕಿಡುವಂತಿಲ್ಲ ಅಂತ ಅವಳ ಮಾತು. ನಿಜವೇ.

ಹುಡುಗ ಹೊಸ ಕರೆಂಟಿನ ಒಲೆ ತಂದಿದ್ದ. ಅದರ ಮೇಲೆ ಅನ್ನಕ್ಕೊಂದು, ಹಾಲಿಗೊಂದು ಗುಂಡಿ. ಹಾಲು ಉಕ್ಕದಂತೆ ನೋಡಿಕೊಳ್ಳುವುದೇ ಆ ಒಲೆಯ ಹೆಚ್ಚುಗಾರಿಕೆ ಅಂತ ಅಂಗಡಿಯವನು ಹೇಳಿ ಕೊಟ್ಟಿದ್ದಾನೆ. ಹುಡುಗ ಹಾಲಿನ ಗುಂಡಿ ಒತ್ತಿದ. ತಾಯಿ ಅರಿಸಿನ ಕುಂಕುಮ ಹಿಡಿದು ಪೂರ್ವಕ್ಕೆ ಮುಖ ಮಾಡಿ ನಿಂತಳು. ಹಾಲು ಮೇಲೆದ್ದಿತು, ಅಂಚಿಗೆ ಬಂತು. ಒಲೆ ಕುಂಯ್ ಅಂದು ಆರಿತು. ಹಾಲು ಕೆಳಗಿಳಿಯಿತು.

ಇನ್ನೊಮ್ಮೆ ಒತ್ತಿದ. ಮತ್ತೆ ಕುಂಯ್. ತಾಯಿಯ ಮುಖ ಸಣ್ಣದಾಯಿತು. ಮನೆಗೆ ಇವನು ಬಂದದ್ದು ಇಷ್ಟವಿಲ್ಲ ಅಂದಳು. ಮನೆಯ ಮಾಲೀಕ ನಾನು, ನನ್ನ ಅಭ್ಯಂತರವೇನಿಲ್ಲ ಅಂದೆ. ಅದು ಆಕೆಗೆ ಸಾಲಲಿಲ್ಲ.

ಕೊನೆಗೆ ಪಾತ್ರೆ ನಮ್ಮ ಅಡುಗೆಮನೆಗೆ ಇಳಿಯಿತು. ನಮ್ಮ ಗ್ಯಾಸಿನ ಮೇಲೆ ಚೆನ್ನಾಗಿ ಉಕ್ಕಿತು. ತಾಯಿಗೆ ಕಣ್ಣು ತುಂಬಿ ಬಂತು. ಓದಿದ ಕಾಲೇಜಿನಲ್ಲೇ ಮಗ ಮೇಷ್ಟ್ರಾದ, ಇನ್ನು ಆ ಕುರುಗೋಡಿನವರೊಂದು ಹೂಂ ಅಂದರೆ ಸಾಕು ಅಂದಳು. ಉಳಿದ ಹಾಲನ್ನು ಮೇಲೆ ಒಯ್ದಳು.

ನನ್ನ ಹೆಂಡತಿ ನನ್ನ ಕಿವಿಯ ಹತ್ತಿರ ಬಂದಳು. "ಪಾಪ, ಹೆತ್ತ ತಾಯಿಗೂ ಖರೇ ಹೇಳಿಲ್ಲ ನೋಡ್ರಿ ಇಂವ" ಅಂದಳು. ಆಮೇಲೆ ಒಲೆಯ ಕಡೆ ತಿರುಗಿದಳು. "ಉಕ್ಕಿದ ಭಾಗ್ಯ ಅವರದು. ಒರೆಸೋದು ನಂದು."

ನಂಬರು ಹುಡುಕಿದ್ದು

ಕಾಲೇಜಿನಲ್ಲಿ ಪರೀಕ್ಷೆ ಬಂತು. ಹುಡುಗನಿಗೆ ಕೊಠಡಿ ಮೇಲ್ವಿಚಾರಣೆ. ಗೇಟಿನಲ್ಲಿ ಒಬ್ಬ ಹಳೇ ಅಟೆಂಡರ್. ಇವನು ಓದುವಾಗಲೂ ಅಲ್ಲಿದ್ದವನು. ಇವನನ್ನು ನೋಡಿದ್ದೇ ಮುಖ ನೆನಪಾಯಿತು. ಮೊಬೈಲ್ ಕಸಿದುಕೊಂಡ. ಕಿಸೆ ತಡವಿದ. ಬೇಗ ಹೋಗು, ನಂಬರು ಬೋರ್ಡಿನ ಮೇಲೆ ಹಚ್ಚಿದ್ದಾರೆ, ಯಾವ ರೂಮು ನೋಡಿಕೋ ಅಂತ ಬೆನ್ನ ಮೇಲೆ ಕೈಯಿಟ್ಟು ತಳ್ಳಿದ.

ಇವನು ಹೋದ. ಬೋರ್ಡಿನ ಮುಂದೆ ನಿಂತ. ಸ್ವಲ್ಪ ಹೊತ್ತು ಹುಡುಕಿದ.

"ಯಾಕ ಹುಡುಕಿದಿ?" ಅಂದೆ, ಸಂಜೆ ಮೆಟ್ಟಿಲ ಮೇಲೆ ಇದನ್ನು ಹೇಳಿದಾಗ.

"ಅಭ್ಯಾಸ, ತಾತ. ನಂಬರ್ ಸಿಗಲಿಲ್ಲ ಅಂತ ಅಳು ಬರಂಗಾತು. ಆಮ್ಯಾಲೆ ನೆನಪಾತು, ನಾನು ಮೇಷ್ಟ್ರು ಅದೀನಿ ಅಂತ."

ತಿರುಗಿ ಬಂದು ಅಟೆಂಡರ್‌ಗೆ ಹೇಳಿದನಂತೆ. ಆತ ಎದ್ದು ನಿಂತು ನಮಸ್ಕಾರ ಮಾಡಿ, ತಪ್ಪಾಯಿತು ಸರ್ ಅಂದ. ಮೊಬೈಲ್ ಮಾತ್ರ ಕೊಡಲಿಲ್ಲ. ನಿಮ್ಮನ್ನು ಮೊದಲಿನಿಂದ ಬಲ್ಲೆ ಸರ್ ಅಂದನಂತೆ.

ನೀರು ಬಿಟ್ಟ ದಿನ

ನಮ್ಮ ಕಡೆ ನಲ್ಲಿ ನೀರು ದಿನಾ ಬರುವುದಿಲ್ಲ. ಬಂದ ದಿನ ಮದುವೆ ಮನೆಯವರೂ ಎದ್ದು ಹೋಗಿ ಕೊಡ ತುಂಬುತ್ತಾರೆ. ಓದುವ ಕಾಲದಲ್ಲಿ ಮಹಡಿಯ ಹುಡುಗರ ನೀರನ್ನು ನನ್ನ ಹೆಂಡತಿ ತುಂಬುತ್ತಿದ್ದಳು. ಈಗ ಮನೆ ಮಾಡಿದ್ದಾನೆ, ತಾನೇ ತುಂಬಿಕೊಳ್ಳಬೇಕು. ಅದು ನನ್ನ ನಿಯಮ.

ಒಂದು ದಿನ ಹನ್ನೊಂದರ ಹೊತ್ತಿಗೆ ನೀರು ಬಿಟ್ಟರು. ಹೆಂಡತಿ ಹುಡುಗನಿಗೆ ಫೋನ್ ಹಚ್ಚಿದಳು. ಅಲ್ಲಿ ಪಾಠ ನಡೆದಿತ್ತು. ಅಷ್ಟರಲ್ಲಿ ಕ್ಲಾಸಿನ ಹಿಂದಿನ ಬೆಂಚುಗಳಲ್ಲೂ ಫೋನು ಗುಂಯ್‌ಗುಟ್ಟಿದವು. ಗಾಂಧಿನಗರದ ಹುಡುಗರೆಲ್ಲ ಎದ್ದು ನಿಂತು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಪುಸ್ತಕ ಮುಚ್ಚಿದ್ದ.

ಗೇಟಿನ ಹತ್ತಿರ ಪ್ರಿನ್ಸಿಪಾಲರು ಸಿಕ್ಕರು. ಎಲ್ಲಿಗೆ ಅಂದರು. ಸುಳ್ಳು ಹೊಳೆಯಲಿಲ್ಲ. ನೀರು ಬಂದಿದೆ ಸರ್ ಅಂದ. ಅವರದೂ ಗಾಂಧಿನಗರವೇ. ಆಗಲೇ ಸ್ಕೂಟರ್ ಶುರು ಮಾಡಿದ್ದರು. ಹಿಂದೆ ಕೂಡು ಅಂದರು.

ಓಣಿಯವರು ನೋಡಿದ್ದು ಇಷ್ಟು: ನಡುಹಗಲು, ಕಾಲೇಜು ನಡೆದಿರುವ ಹೊತ್ತು, ಹುಡುಗನನ್ನು ಪ್ರಿನ್ಸಿಪಾಲರು ಸ್ಕೂಟರಿನ ಮೇಲೆ ಕೂರಿಸಿಕೊಂಡು ಬಂದು ಮನೆಯ ಮುಂದೆ ಇಳಿಸಿ ಮಾತಿಲ್ಲದೆ ಹೊರಟುಹೋದರು.

ಮೂಲೆಯ ಚಹಾ ಅಂಗಡಿಯವನು ಆ ದಿನ ಅವನಿಂದ ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ. ಧೈರ್ಯ ಬಿಡಬೇಡಪ್ಪ ಅಂದನಂತೆ.

ವಿಚಾರಣೆ

ಹೆಣ್ಣಿನ ಕಡೆಯವರು ಹೇಳಿ ಬರುವುದಿಲ್ಲ. ಬಾಡಿಗೆ ಮನೆ ಹುಡುಕುವವರ ಹಾಗೆ ಬಂದು ಓಣಿಯಲ್ಲಿ ವಿಚಾರಿಸಿ ಹೋಗುವುದು ನಮ್ಮ ಪದ್ಧತಿ. ಕುರುಗೋಡಿನ ಅಪ್ಪ ಹಾಗೇ ಬಂದರು. ಬಿಳಿ ಧೋತರ, ಹೆಗಲ ಮೇಲೆ ಟವೆಲ್ಲು, ತಲೆ ಪೂರ್ತಿ ಬೋಳು. ಸುಡುವ ಬಿಸಿಲು.

ಮೊದಲು ಚಹಾ ಅಂಗಡಿ. ಅಂಗಡಿಯವನು ಹುಡುಗನಿಗೆ ಒಳ್ಳೇದಾಗಲಿ ಅಂತಲೇ ಮಾತಾಡಿದ. "ಬಾಳ ಛಲದ ಹುಡುಗ ಐದಾನ್ರಿ. ಬ್ಯಾರೆಯವರಾಗಿದ್ರ ಯಾವಾಗೋ ಬಿಟ್ಟು ಊರಿಗೆ ಹೋಗ್ತಿದ್ರು. ಪ್ರಿನ್ಸಿಪಾಲರು ಹಿಡಕೊಂಡು ಬಂದು ಮನಿಗೆ ಬಿಟ್ರೂ ಮರುದಿನ ಬ್ಯಾಗ್ ಹಾಕ್ಕೊಂಡು ಕಾಲೇಜಿಗೆ ಹೊಂಟಾನ."

ಆಮೇಲೆ ನನ್ನ ಹೆಂಡತಿ. ಅವಳೂ ಒಳ್ಳೆಯದನ್ನೇ ಹೇಳಿದಳು. "ಹುಡುಗ ಬಂಗಾರ. ಒಂದು ಚಟ ಇಲ್ಲ. ದಿನಾ ಸಂಜಿ ಪುಸ್ತಕ ಹಿಡಕೊಂಡು ಕೂಡ್ತಾನ. ತಲಿಗೆ ಹತ್ತಂಗಿಲ್ಲ, ಅದೊಂದು ಬಿಟ್ರ ಏನೂ ಕಮ್ಮಿ ಇಲ್ಲ."

ಅಪ್ಪ ಗೇಟಿಗೆ ಬಂದಾಗ ನಾನು ಅಲ್ಲಿದ್ದೆ. ಅವರ ಮುಖ ಬಾಡಿತ್ತು. ಬಾಡಿಗೆ ಮನೆಯ ನಾಟಕ ಬಿಟ್ಟುಬಿಟ್ಟರು.

"ಯಜಮಾನ್ರ, ನಾನು ಹೆಣ್ಣಿನ ತಂದಿ ಅದೀನಿ. ನಮ್ಮ ಹುಡುಗಿ ಮೇಷ್ಟ್ರು ಅಂತಾಳ. ನಿಮ್ಮ ಓಣಿಯವರು ಇನ್ನೂ ಪಾಸಾಗಿಲ್ಲ ಅಂತಾರ. ಯಾವುದು ಖರೇ? ಸುಳ್ಳಾಗಿದ್ರ ಇವತ್ತ ಈ ಸಂಬಂಧ ಮುಗಿಸಿ ಹೋಗ್ತೀನಿ."

ಎಲ್ಲವನ್ನೂ ಬಿಡಿಸಿ ಹೇಳಬೇಕೆಂದರೆ ಬಹಳ ಮಾತಾಗುತ್ತದೆ. ಒಲೆಯಿಂದ ಶುರು ಮಾಡಬೇಕು, ಸ್ಕೂಟರಿಗೆ ಬರಬೇಕು. ಅಷ್ಟೆಲ್ಲ ಯಾರು ಮಾತಾಡುತ್ತಾರೆ. ನಡೀರಿ ಅಂದೆ. ಆಟೊ ಕರೆದೆ.

ಕೊನೆಯ ಬೆಂಚು

ಕಾಲೇಜು ಮುಟ್ಟಿದಾಗ ಎರಡು ಗಂಟೆ. ಹುಡುಗನ ಪಾಠ ನಡೆದಿತ್ತು. ನಾನು ಕಿಟಕಿಯಿಂದ ತೋರಿಸಿದರೆ ಸಾಕು ಅಂದುಕೊಂಡಿದ್ದೆ. ಅಪ್ಪ ಒಪ್ಪಲಿಲ್ಲ. ಬೋರ್ಡಿನ ಮುಂದೆ ಯಾರು ಬೇಕಾದರೂ ನಿಲ್ಲಬಹುದು, ಪಾಠ ಕೇಳಿಯೇ ಹೋಗುತ್ತೇನೆ ಅಂದರು. ಅವನು ಆ ಕಡೆ ತಿರುಗಿ ಬರೆಯುತ್ತಿದ್ದಾಗ ಹಿಂದಿನ ಬಾಗಿಲಿನಿಂದ ಒಳಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆವು. ಮುಂದೆ ಎತ್ತರದ ಹುಡುಗರ ಸಾಲು. ನಾವು ಕಾಣುವಂತಿರಲಿಲ್ಲ.

ಅಪ್ಪ ಕೈಕಟ್ಟಿ, ಕತ್ತು ಮುಂದೆ ಚಾಚಿ ಕೇಳಿದರು. ಬೇಡಿಕೆ, ಪೂರೈಕೆ, ಏನೋ ಗೆರೆ ಕೆಳಗಿಳಿಯಿತು, ಇನ್ನೊಂದು ಮೇಲೇರಿತು. ತಲೆಯ ಮೇಲೆ ಫ್ಯಾನು. ಹೊರಗೆ ಬಳ್ಳಾರಿಯ ಬಿಸಿಲು. ಬೆಳಗಿನ ಬಸ್ಸಿಗೆ ಎದ್ದು ಬಂದ ಮನುಷ್ಯ. ಮೊದಲು ಕಣ್ಣು ಹೋಯಿತು, ಆಮೇಲೆ ಕತ್ತು. ಕೊನೆಗೆ ಬೋಳು ತಲೆ ಬೆಂಚಿನ ಮೇಲೆ ಮಲಗಿತು. ಗೊರಕೆ ಶುರುವಾಯಿತು.

ಎಬ್ಬಿಸಬೇಕಿತ್ತು. ಮಲಗಿದ ಪ್ರಯಾಣಿಕರನ್ನು ಎಬ್ಬಿಸುವುದು ಕಂಡಕ್ಟರ್ ಕೆಲಸ, ನನಗೆ ರೂಢಿಯಿಲ್ಲ.

ಬೋರ್ಡಿನ ಕಡೆಯಿಂದ ದನಿ ಬಂತು. ನಮ್ಮ ಮೆಟ್ಟಿಲ ಮೇಲೆ ಕೇಳಿದ ದನಿಯಲ್ಲ, ಬೇರೆಯದೇ. "ಯಾರದು ಕೊನೇ ಬೆಂಚು? ಎದ್ದು ನಿಲ್ಲೋ."

ಅಪ್ಪ ಎದ್ದು ನಿಂತರು. ಎಚ್ಚರವಾಗುವ ಮೊದಲೇ ನಿಂತಿದ್ದರು. ಟವೆಲ್ಲು ಹೆಗಲಿನಿಂದ ಇಳಿಸಿ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ನಿಂತರು. ಮೇಷ್ಟ್ರ ದೃಷ್ಟಿ ಇನ್ನೂ ಪುಸ್ತಕದ ಮೇಲಿತ್ತು.

"ಈಗ ನಾನು ಏನು ಹೇಳ್ದೆ?"

"ಗೊತ್ತಿಲ್ರಿ ಸರ್."

ದನಿ ಬೇರೆ ಅನ್ನಿಸಿರಬೇಕು. ಹುಡುಗ ತಲೆಯೆತ್ತಿದ. ಧೋತರ ಕಂಡ. ಪಕ್ಕದಲ್ಲಿ ಇಣುಕುತ್ತಿದ್ದ ನನ್ನನ್ನು ಕಂಡ. ಬಿಸಿಲಿನಲ್ಲಿ ನಾನು ಯಾರನ್ನು ಕರೆದುಕೊಂಡು ಬರಬಹುದು ಅಂತ ಲೆಕ್ಕ ಹಾಕಿದ. ಲೆಕ್ಕ ಬೇಗ ಮುಗಿಯಿತು. ಕೈಯಲ್ಲಿದ್ದ ಸೀಮೆಸುಣ್ಣ ಬಿತ್ತು. ಕ್ಲಾಸಿನ ಹುಡುಗರು ಮಾತ್ರ ನಗಲಿಲ್ಲ. ಇಷ್ಟು ವಯಸ್ಸಾದವರನ್ನೂ ಬಿಡುವುದಿಲ್ಲ ಈ ಮೇಷ್ಟ್ರು ಅಂತ ನೆಟ್ಟಗೆ ಕೂತರು.

ಹುಡುಗ ಕೂಡ್ರಿ ಅಂತ ಕೈ ಮಾಡಿದ. ಅಪ್ಪ ಕೂಡಲಿಲ್ಲ. ಹೊರಗೆ ಹೋಗಬಹುದೇ ಸರ್ ಅಂತ ಕೇಳಿ, ಅವನು ತಲೆಯಾಡಿಸಿದ ಮೇಲೆಯೇ ಹೊರಟರು. ನಾನು ಹಿಂದೆ ಹೋದೆ.

ಹೊರಗೆ ನಲ್ಲಿಯ ಹತ್ತಿರ ಮುಖಕ್ಕೆ ನೀರು ಹಾಕಿಕೊಂಡರು. ಸಂಬಂಧ ಮುರಿಯಿತು, ಮಂಗಳೂರಿನ ಕೆಲಸವೂ ಹೋಯಿತು, ಹುಡುಗನಿಗೆ ಏನು ಹೇಳುವುದು ಅಂತ ಯೋಚಿಸುತ್ತಿದ್ದೆ. ಅವರು ನಿಧಾನವಾಗಿ ಮುಖ ಒರೆಸಿದರು. ಟವೆಲ್ಲು ಕೊಡವಿ ಹೆಗಲಿಗೆ ಹಾಕಿದರು.

"ಮೇಷ್ಟ್ರು ಹೌದು" ಅಂದರು. "ನಮ್ಮ ಕಾಲದಾಗೂ ಹಿಂಗ ನಿಲ್ಲಸ್ತಿದ್ರು. ಕಾಲು ಇನ್ನೂ ನಡುಗಾಕತ್ಯಾವ."

ನಾನು ಹೂಂ ಅಂದೆ.

"ಬರೋ ಸೋಮವಾರ ಕುರುಗೋಡಿಗೆ ಬರಾಕ ಹೇಳ್ರಿ, ಹುಡುಗಿ ನೋಡಾಕ. ಅವತ್ತು ನಾ ಕುಂತು ಕೇಳ್ತೀನಿ. ಅಂವ ನಿಂತು ಹೇಳ್ಲಿ."