ಎರಡು ಪಿಸ್ಟನ್ನಿನ ಗಾಡಿ ಮತ್ತು ನಮ್ಮ ಮಾವ

ನಮ್ಮ ಸೋದರಮಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಮರೆವಿನ ಕಾಯಿಲೆ ಎಂದುಕೊಳ್ಳಬೇಡಿ! ಎದುರಿಗೆ ಬಂದವರು ಯಾವ ಬೈಕಿನಲ್ಲಿ ಬಂದಿದ್ದರು, ಅದರ ಎಂಜಿನ್ನಿನ ಹೊಟ್ಟೆಯೊಳಗೆ ಏನೇನಿತ್ತು ಎಂಬುದು ಎಷ್ಟು ವರ್ಷವಾದರೂ ಅಚ್ಚಳಿಯದೆ ಇರುತ್ತದೆ. ಒಮ್ಮೆ ಅವರ ಹೆಂಡತಿ, ಅಂದರೆ ನಮ್ಮತ್ತೆ, ತಮ್ಮ ಚಿಕ್ಕಪ್ಪ ತೀರಿಕೊಂಡ ಸುದ್ದಿ ಹೇಳಿದರು.

"ಯಾರು ಚಿಕ್ಕಪ್ಪ?"

"ನಮ್ಮ ಮದುವೇಲಿ ಧಾರೆ ಎರೆದುಕೊಟ್ಟೋರು ಕಣ್ರೀ!"

"ಗೊತ್ತಾಗ್ತಿಲ್ಲ ಕಣೇ."

ಅತ್ತೆ ಹಣೆ ಚಚ್ಚಿಕೊಂಡು, "ಚೈನೇ ಇಲ್ಲದ ಗಾಡಿ ಇಟ್ಕೊಂಡಿದ್ರಲ್ಲಾ" ಅಂದರು.

"ಅಯ್ಯಯ್ಯೋ, ಅವ್ರಾ! ಎಂಥಾ ಗಾಡಿ, ಛೇ!" ಎಂದು ಮಾವ ಗೋಡೆಗೊರಗಿ ಕೂತುಬಿಟ್ಟರು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಇಂಥವರ ಹತ್ತಿರ ಒಂದಾದರೂ ಬೈಕು ಇರಬೇಕಲ್ಲವೇ? ಇಲ್ಲ! ರಾಮಕೃಷ್ಣನಗರದಿಂದ ಆಫೀಸಿಗೆ ಸೈಕಲ್ಲು ತುಳಿಯುತ್ತಿದ್ದರು, ಮಳೆ ಬಂದರೆ ಸಿಟಿ ಬಸ್ಸು. ಕೇಳಿದರೆ, "ದೇವಸ್ಥಾನಕ್ಕೆ ಹೋದೋರೆಲ್ಲ ವಿಗ್ರಹಾನ ಮನೆಗೆ ತರ್ತಾರೇನಮ್ಮ?" ಎನ್ನುತ್ತಿದ್ದರು.

ದರ್ಶನಕ್ಕೆ ಅವರಿಗೊಂದು ಪುಣ್ಯದಿನವಿತ್ತು, ಆಯುಧಪೂಜೆ. ಊರೆಲ್ಲ ಮರುದಿನದ ಜಂಬೂಸವಾರಿಗೆ ಕಾಯುತ್ತಿದ್ದರೆ ಇವರು ಬೆಳಿಗ್ಗೆಯೇ ಸೈಕಲ್ಲು ಹತ್ತಿ ಹೊರಟುಬಿಡುತ್ತಿದ್ದರು. ವರ್ಷವಿಡೀ ಗೋಣಿಚೀಲದಡಿ ಮಲಗಿರುವ ಹಳೆಯ ಅಪರೂಪದ ಬೈಕುಗಳೆಲ್ಲ ಅವತ್ತು ಸ್ನಾನ ಮಾಡಿ, ಚೆಂಡುಹೂ ಮುಡಿದು, ಬೀದಿಗೆ ಬಂದು ನಿಲ್ಲುತ್ತವಲ್ಲ! ಅಶೋಕಪುರಂನ ಒಂದು ಮನೆಯ ಮುಂದೆ ಹೀಗೇ ಎಂಜಿನ್ನಿನ ಎದುರು ಕುಕ್ಕರಗಾಲಲ್ಲಿ ಕೂತು ಕೈಮುಗಿದಿದ್ದಾರೆ. ಮನೆಯ ಅಜ್ಜಿ ಪುರೋಹಿತರೇ ಬಂದರೆಂದು ತಿಳಿದು ಬೂದುಗುಂಬಳ ಕೈಗಿಟ್ಟರಂತೆ. ಇವರೂ ಚಕಾರವೆತ್ತದೆ ನಿವಾಳಿಸಿ, ಸೈಲೆನ್ಸರಿಗೆ ಒಂದು ಹೋಳೂ ತಾಗದಂತೆ ದೂರ ಹೋಗಿ ಒಡೆದು, ಎರಡು ಚೀಲ ಕಡ್ಲೆಪುರಿಯೊಂದಿಗೆ ಮನೆಗೆ ಬಂದರು.

ಇದೆಲ್ಲ ತಮಾಷೆಯಾಗಿಯೇ ಇತ್ತು, ನನಗೆ ಗಂಡು ನೋಡಲು ಶುರುಮಾಡುವವರೆಗೆ.

ತೊಂಬತ್ತರ ದಶಕದ ಕೊನೆ. ಮೊದಲು ಬಂದ ಹುಡುಗ ಹೊಚ್ಚಹೊಸ ಬೈಕಿನಲ್ಲಿ ಬಂದಿದ್ದ. ಎಲ್ಲರೂ ಉಪ್ಪಿಟ್ಟು ತಿನ್ನುತ್ತಿದ್ದಾಗ ಮಾವ ಹೊರಗೆ ಹೋಗಿ ನೋಡಿ ಬಂದು, "ಹೊಲಿಗೆ ಮಿಷನ್ನು ಕಣಪ್ಪ, ಒಳಗೆ ನೋಡೋಕೆ ಏನೂ ಇಲ್ಲ" ಅಂದುಬಿಟ್ಟರು! ಹುಡುಗನ ಮುಖ ಕೆಂಪಾಯಿತು. ಆಮೇಲೆ ಆ ಕಡೆಯಿಂದ ಸುದ್ದಿಯೇ ಇಲ್ಲ.

ಎರಡನೆಯ ಸಂಬಂಧ ಕಡಕೊಳದ ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ ಹುಡುಗನದು. "ಅಣ್ಣಾ, ನಿನ್ನ ದಮ್ಮಯ್ಯ ಅಂತೀನಿ, ಈ ಸಲ ಅಡಿಗೆಮನೆ ಬಿಟ್ಟು ಆಚೆ ಬರ್ಬೇಡ" ಎಂದು ಅಮ್ಮ ಮಾವನ ಕೈಗೆ ಸೌತೆಕಾಯಿ ಕೊಟ್ಟು ಕೂರಿಸಿದರು. ಪಾಪ, ಒಳ್ಳೆಯ ಮಗುವಿನ ಹಾಗೆ ಹೆಚ್ಚುತ್ತಿದ್ದರು. ಅಷ್ಟರಲ್ಲಿ ಬೀದಿಯ ಕೊನೆಯಿಂದ ಒಂದು ಸದ್ದು ಬಂತು. ಮಾವನ ಕೈ ನಿಂತಿತು.

"ಎರಡು ಪಿಸ್ಟನ್ನು! ಎರಡಕ್ಕೂ ಸೇರಿ ಒಂದೇ ಒಲೆ!"

"ಏನ್ರೀ ಹಾಗಂದ್ರೆ?" ಅತ್ತೆ ಕೇಳಿದರು.

"ಅಣ್ಣತಮ್ಮ ಇಬ್ರೂ ಅಕ್ಕಪಕ್ಕ ಬೇರೆಬೇರೆ ಕೋಣೇಲಿ ಇರ್ತಾರೆ, ಉರಿಯೋ ಒಲೆ ಮಾತ್ರ ಒಂದೇ ಕಣೇ. ಒಬ್ಬ ಪೆಟ್ರೋಲು ಒಳಕ್ಕೆ ಬಿಟ್ಕೋತಾನೆ, ಇನ್ನೊಬ್ಬ ಉರಿದದ್ದನ್ನ ಆಚೆಗೆ ಕಳಿಸ್ತಾನೆ!"

"ಹಂಗಾದ್ರೆ ಮನೆ ತುಂಬ ಹೊಗೆ ಇರ್ಬೇಕು."

"ಇರುತ್ತೆ! ಬೇಕಾದಷ್ಟು ಇರುತ್ತೆ!" ಎನ್ನುತ್ತ ಮಾವ ಹಿತ್ತಲ ಬಾಗಿಲಿನಿಂದ ಮಾಯವಾದರು.

ಅದು ಹುಡುಗನ ತಾತನ ಗಾಡಿಯಂತೆ. ಯಾವುದೋ ಕಾಲದಲ್ಲಿ ಯುರೋಪಿನಿಂದ ಹಡಗಿನಲ್ಲಿ ಬಂದದ್ದು. ಹುಡುಗ, ಅವನ ಅಪ್ಪ ಅದರಲ್ಲಿ ಬಂದರು. ತಾಯಿ, ಅಜ್ಜಿ ಆಟೋದಲ್ಲಿ.

ನಾನು ಕಾಫಿಯ ತಟ್ಟೆ ಹಿಡಿದು ಬಂದೆ, ಚಾಪೆಯ ಮೇಲೆ ತಲೆತಗ್ಗಿಸಿ ಕೂತೆ. ನನಗೆ ಕಂಡದ್ದು ಹುಡುಗನ ಕಾಲುಚೀಲ ಮಾತ್ರ. ಹಾಡು ಬರುತ್ತದಾ, ಸ್ಕೂಲಿನ ಕೆಲಸ ಮದುವೆಯಾದ ಮೇಲೆ ಬಿಡುತ್ತಾಳಾ ಎಂದೆಲ್ಲ ಕೇಳಿದರು. ಎಲ್ಲಕ್ಕೂ ನನ್ನ ಪರವಾಗಿ ಅಮ್ಮನೇ ಉತ್ತರ ಕೊಟ್ಟರು. ಅರ್ಧ ಗಂಟೆಯಲ್ಲಿ ಹಿರಿಯರು ಛತ್ರದ ಮಾತಿಗೆ ಬಂದಿದ್ದರು! ನಿನಗೆ ಒಪ್ಪಿಗೆಯೇ ಎಂದು ಒಬ್ಬರೂ ಕೇಳಲಿಲ್ಲ. ಹುಡುಗಿ ತಾನೇ ಬೇಡ ಎನ್ನುವುದು ನಮ್ಮ ಮನೆಯಲ್ಲಿ ಕೇಳರಿಯದ ಮಾತು. ಒಂದು ಸಂಬಂಧ ಆಗಲೇ ತಪ್ಪಿಹೋದ ಮೇಲಂತೂ ಮುಗಿದೇಹೋಯಿತು. ನನಗೆ ಎಲ್ಲಿ ಅತ್ತುಬಿಡುತ್ತೇನೋ ಎಂದು ಭಯವಾಗಿತ್ತು. ಮಾವ ಒಮ್ಮೆ ಬಾಗಿಲಿಗೆ ಬಂದು, ಒಳಗೆ ಇಣುಕಿ, ಮತ್ತೆ ಹೊರಗೆ ಹೋದರು.

ಹೊರಡುವ ಹೊತ್ತಿಗೆ ಹುಡುಗ ಗಾಡಿಗೆ ಕಿಕ್ ಹೊಡೆದ. ಜಪ್ಪಯ್ಯ ಅಂದರೂ ಇಲ್ಲ! ಆಟೋದಲ್ಲಿ ಕೂತಿದ್ದ ಅಜ್ಜಿ, "ಶುಭಕಾರ್ಯಕ್ಕೆ ಬಂದ ಗಾಡಿ ಇಂಗೆ ನಿಂತ್ಬುಟ್ರೆ ಎಂಗಪ್ಪಾ?" ಅಂದರು. ಅಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ.

"ನಾನಿದೀನಿ ಇರಿ" ಎಂದು ಮಾವ ನುಗ್ಗಿದರು. ಗರಿಗರಿ ಬಿಳಿಪಂಚೆಯ ಹುಡುಗನ ಅಪ್ಪನ ಒಂದು ಕೈಗೆ ಪ್ಲಗ್ಗು, ಇನ್ನೊಂದಕ್ಕೆ ಮಸಿಬಟ್ಟೆ! ನಮ್ಮಪ್ಪನಿಗೆ ಕೊಡೆ ಹಿಡಿಯುವ ಕೆಲಸ. ಮುಂದಕ್ಕೆ ಬಂದ ಹುಡುಗನಿಗೆ, "ನಿಮ್ಮ ಬಟ್ಟೆ ಕೊಳೆಯಾಗುತ್ತೆ, ಆ ದಾಸವಾಳದ ನೆರಳಲ್ಲಿ ನಿಂತ್ಕೊಳಿ. ಪುಟ್ಟೀ, ಅವರಿಗೆ ಮಜ್ಜಿಗೆ ತಂದ್ಕೊಡು" ಅಂದರು. ಅಜ್ಜಿಗೂ ಅಮ್ಮನಿಗೂ ಎರಡು ಪಿಸ್ಟನ್ನಿನ ಪಾಠ ಶುರುವಾಯಿತು.

ದಾಸವಾಳದ ಹತ್ತಿರ ಅವನಿಗೆ ಮಜ್ಜಿಗೆ ಕೊಟ್ಟೆ. ಆಮೇಲೆ ಹುಡುಗನೇ, "ಎಲ್ಲಿ ಹೋದ್ರೂ ಎಲ್ರೂ ಆ ಗಾಡಿನೇ ನೋಡ್ತಾರೆ ಕಣ್ರೀ, ನನ್ನನ್ನ ಯಾರೂ ನೋಡಲ್ಲ" ಅಂದ.

"ನಾನು ಸ್ಕೂಲಿನ ಕೆಲಸ ಬಿಡಲ್ಲ" ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಒಳಗೆ ಅಮ್ಮ, ಕೆಲಸ ಬಿಡುತ್ತಾಳೆ ಎಂದುಬಿಟ್ಟಿದ್ದರು!

"ಯಾಕೆ ಬಿಡ್ಬೇಕು?" ಅವನಿಗೆ ನಿಜವಾಗಿ ಅರ್ಥವಾಗಿರಲಿಲ್ಲ.

ನನಗೆ ಧೈರ್ಯ ಬಂತು. "ನಿಮ್ಮ ಕಾಲುಚೀಲ ಒಂದು ನೀಲಿ, ಒಂದು ಕಪ್ಪು" ಅಂದೆ. ಅವನು ಬಗ್ಗಿ ನೋಡಿಕೊಂಡು, ಒಂದು ಕಾಲನ್ನು ಇನ್ನೊಂದರ ಹಿಂದೆ ಬಚ್ಚಿಟ್ಟುಕೊಳ್ಳಲು ಹೋಗಿ, ಮಜ್ಜಿಗೆಯನ್ನೆಲ್ಲ ಚೆಲ್ಲಿಕೊಂಡ. ಜೋರಾಗಿ ನಕ್ಕುಬಿಟ್ಟೆ. ಸ್ವಲ್ಪ ಹೊತ್ತಿಗೆಲ್ಲ ಗಾಡಿ ಸ್ಟಾರ್ಟಾಗಿ, ಬೀದಿಯೆಲ್ಲ ನೀಲಿ ಹೊಗೆ ತುಂಬಿ, ಅಜ್ಜಿ ಕೆಮ್ಮುತ್ತಲೇ ಆಟೋದೊಳಗಿಂದ ಕೈಮುಗಿದರು. ಅಮ್ಮ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಮದುವೆಯಾಗಿ ಆರೇಳು ವರ್ಷಗಳ ಮೇಲೆ, ಒಂದು ಆಯುಧಪೂಜೆಯ ಬೆಳಿಗ್ಗೆ ಮಾವ ನಮ್ಮ ಮನೆಗೆ ಬಂದಿದ್ದರು. ಅದೇ ಗಾಡಿ ತೊಳೆಯುತ್ತ, ಎಂಜಿನ್ನಿನ ಪಕ್ಕದ ಸಣ್ಣ ಮುಚ್ಚಳ ತೋರಿಸಿ, "ಅವತ್ತು ಇದಕ್ಕೆ ಏನೂ ಆಗಿರ್ಲಿಲ್ಲ ಕಣಮ್ಮ" ಅಂದರು. "ಕಿಡಿ ಹುಟ್ಟಿಸೋ ಪಾಯಿಂಟು ಇದರೊಳಗಿದೆ. ಬಸ್ ಟಿಕೆಟ್ಟು ಹರಿದು ಒಂದು ಚೂರು ಅದರ ಮಧ್ಯೆ ಸಿಕ್ಕಿಸಿಬಿಟ್ಟಿದ್ದೆ."

ನನ್ನ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು. "ಯಾಕೆ ಮಾವ?"

"ಬಾಗ್ಲಲ್ಲಿ ನಿಂತು ನಿನ್ನ ಮುಖ ನೋಡ್ದೆ. ನೋಡೋಕಾಗ್ಲಿಲ್ಲ. ನೀನು ಒಂದ್ಸಲ ನಗ್ತೀಯೇನೋ ಅಂತ ಕಾದೆ. ನಕ್ಕೆ, ಕಾಗದ ತೆಗೆದೆ."

"ನಗದೇ ಇದ್ದಿದ್ರೆ?"

"ಗಾಡಿ ಸ್ಟಾರ್ಟೇ ಆಗ್ತಿರ್ಲಿಲ್ಲ. ಆ ಅಜ್ಜಿ ಶಕುನ ಸರಿ ಇಲ್ಲ ಅಂತ ಅವ್ರೇ ಬೇಡ ಅಂತಿದ್ರು. ತಪ್ಪೆಲ್ಲ ಗಾಡಿ ಮೇಲೆ ಹೋಗ್ತಿತ್ತು, ನಿನ್ನನ್ನ ಯಾರೂ ಒಂದು ಮಾತೂ ಅಂತಿರ್ಲಿಲ್ಲ."

ಅವತ್ತು ಯಾರೂ ನನ್ನನ್ನು ಕೇಳಲಿಲ್ಲ ಎಂಬ ನೋವು ಅಷ್ಟು ವರ್ಷವೂ ನನ್ನೊಳಗೆ ಎಲ್ಲೋ ಇತ್ತು. ಒದ್ದೆ ನೆಲವೆಂದೂ ನೋಡದೆ ರೇಷ್ಮೆಸೀರೆಯಲ್ಲೇ ಮಾವನ ಪಕ್ಕ ಕೂತು, ಅವರ ಮಸಿಗೈ ಹಿಡಿದುಕೊಂಡು ಅತ್ತುಬಿಟ್ಟೆ.

"ಅಳ್ತೀಯೇನೇ ಪುಟ್ಟೀ? ನಾನು ಕಾಗದ ತೆಗೆದದ್ದು ತಪ್ಪಾಯ್ತಾ?" ಎಂದು ಮಾವ ಗಾಬರಿಯಿಂದ ಕೇಳಿದರು.

"ಇಲ್ಲ ಮಾವ" ಅಂದೆ.